ವಾಟರ್ಲೂ, ಈಪರ್, ಸೋಮ್, ನಾರ್ಮಂಡಿ: ಒಂದೇ ರಜೆ, ಯಾವ ರಣಭೂಮಿ?

ಮೊದಲ ಸಲ ವಾಟರ್ಲೂಗೆ ಹೋದಾಗ ನಾನು ಒಂದು ಪ್ಯಾಕೇಜ್ ಪ್ರವಾಸದ ಗುಂಪಿನಲ್ಲಿದ್ದೆ. ಬಸ್ಸು ನಿಂತಿತು. ಎದುರಿಗೆ ಹುಲ್ಲು ಹೊದ್ದ ದೊಡ್ಡ ದಿಬ್ಬ, ಅದರ ತುದಿಯಲ್ಲೊಂದು ಎರಕದ ಸಿಂಹ. ‘ನಲವತ್ತು ನಿಮಿಷ ಸಮಯ’ ಎಂದು ಮ್ಯಾನೇಜರು ಸಾರಿದರು. 226 ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಸುತ್ತ ನೋಡಿದರೆ ಕಂಡದ್ದು ಹೊಲ, ಹೊಲದಾಚೆ ಇನ್ನೊಂದು ಹೊಲ, ನಡುವೆ ಒಂದು ರಸ್ತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಇದಕ್ಕೆ ಇಷ್ಟು ದೂರ ಬರಬೇಕಿತ್ತೇ? ನಮ್ಮ ಚಿಕ್ಕಬಳ್ಳಾಪುರದ ಕಡೆ ಬೇಕಾದಷ್ಟಿದೆ’ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ರಣಭೂಮಿ ಎಂದರೆ ಹೆಚ್ಚಿನ ಕಡೆ ಹೊಲವೇ.

ಅರಮನೆಗೋ ದೇವಸ್ಥಾನಕ್ಕೋ ಹೋದರೆ ನೋಡಬೇಕಾದದ್ದು ಎದುರಿಗೇ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ನೆಲದ ಏರು ಎಲ್ಲಿದೆ, ಇಳಿಜಾರು ಎಲ್ಲಿದೆ, ಯಾರಿಗೆ ಯಾರು ಕಾಣುತ್ತಿದ್ದರು, ಯಾರು ಮರೆಯಲ್ಲಿದ್ದರು ಎಂಬುದು ತಿಳಿದಾಗ ಮಾತ್ರ ಹೊಲ ಬಾಯಿ ಬಿಡುತ್ತದೆ. ಆದ್ದರಿಂದ ‘ಯಾವ ಯುದ್ಧ ಹೆಚ್ಚು ಪ್ರಸಿದ್ಧ’ ಎಂದು ಕೇಳಿಕೊಂಡು ಜಾಗ ಆರಿಸಿದರೆ ನಿರಾಸೆ ಖಚಿತ. ಅಲ್ಲಿನ ನೆಲ ಇಂದಿಗೂ ಓದಲು ಸಿಗುತ್ತದೆಯೇ, ಅದನ್ನು ಓದಲು ನಿಮ್ಮ ಬಳಿ ಎಷ್ಟು ದಿನ ಇದೆ, ಕಾರು ಓಡಿಸುತ್ತೀರಾ ಇಲ್ಲವಾ ಎಂದು ಕೇಳಿಕೊಳ್ಳಿ. ಆಮೇಲೆ ಎರಡು ಸಲ ಹೋಗಿ, ಸ್ವಂತ ಕಾಲಿನ ಮೇಲೆ ತಿರುಗಾಡಿ ಬಂದ ಮೇಲೆ ನನಗೆ ಹೊಳೆದದ್ದು ಇಷ್ಟು.

ವಾಟರ್ಲೂ: ಅರ್ಧ ದಿನಕ್ಕೆ ಸಾಕು, ಆದರೆ ಆ ಅರ್ಧ ದಿನ ಸರಿಯಾಗಿರಲಿ

ಬ್ರಸೆಲ್ಸ್‌ನಲ್ಲಿ ಇಳಿದುಕೊಂಡವರಿಗೆ ವಾಟರ್ಲೂ ಎಲ್ಲಕ್ಕಿಂತ ಸುಲಭ. ಒಂದು ಎಚ್ಚರಿಕೆ: ವಾಟರ್ಲೂ ಎಂಬ ಹೆಸರಿನ ರೈಲು ನಿಲ್ದಾಣದಲ್ಲಿ ಇಳಿಯಬೇಡಿ. ಯುದ್ಧ ನಡೆದದ್ದು ಆ ಊರಿನ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ದೂರದ ಬಯಲಿನಲ್ಲಿ. ನೆಪೋಲಿಯನ್‌ನನ್ನು ಸೋಲಿಸಿದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ ತನ್ನ ಮುಖ್ಯ ಠಾಣೆ ಇದ್ದ ಊರಿನ ಹೆಸರನ್ನು ವರದಿಯಲ್ಲಿ ಬರೆದ, ಅದೇ ಉಳಿಯಿತು. ಹತ್ತಿರದ ನಿಲ್ದಾಣ ಬ್ರೆನ್ ಲಾಲೂ. ಅಲ್ಲಿಂದ ಬಸ್ಸು ಹಿಡಿಯಬಹುದು, ಮುಕ್ಕಾಲು ಗಂಟೆ ನಡೆಯಲೂಬಹುದು.

ಆ ಸಿಂಹದ ದಿಬ್ಬದಲ್ಲೇ ಒಂದು ವಿಪರ್ಯಾಸವಿದೆ. 1815ರ ಜೂನ್ 18ರಂದು ವೆಲಿಂಗ್ಟನ್ ತನ್ನ ಪಡೆಯ ಬಹುಭಾಗವನ್ನು ಒಂದು ಉದ್ದನೆಯ ಏರಿನ ಹಿಂದೆ ಮಲಗಿಸಿ ಮರೆಮಾಡಿದ್ದ. ಎದುರಿನಿಂದ ನೋಡಿದ ನೆಪೋಲಿಯನ್‌ಗೆ ಆ ಏರಿನ ಬೆನ್ನ ಹಿಂದೆ ಎಷ್ಟು ಜನರಿದ್ದಾರೆಂಬುದು ಕಾಣುವಂತಿರಲಿಲ್ಲ. ಯುದ್ಧದ ಗುಟ್ಟೇ ಆ ಏರು. ಆಮೇಲೆ ನೆದರ್‌ಲೆಂಡ್ಸ್‌ನ ರಾಜ, ತನ್ನ ಮಗ ಗಾಯಗೊಂಡ ಜಾಗದ ನೆನಪಿಗೆಂದು 1820ರಿಂದ 1826ರವರೆಗೆ ಈ ದಿಬ್ಬ ಕಟ್ಟಿಸಿದ. ಅದಕ್ಕೆ ಮಣ್ಣನ್ನು ತೆಗೆದದ್ದು ಅದೇ ಏರಿನಿಂದ! ನೋಡಬೇಕಾದದ್ದನ್ನೇ ಅಗೆದು, ಅದರ ಮೇಲೆ ನಿಂತು ನೋಡಿ ಎಂದರೆ ಏನು ನೋಡುವುದು?

ಆದ್ದರಿಂದ ದಿಬ್ಬ ಹತ್ತಿ ಇಳಿದು, ನೇರವಾಗಿ ಹೂಗೊಮೊಂಗೆ ನಡೆಯಿರಿ. ಕೋಟೆಯಂಥ ತೋಟದ ಮನೆ ಅದು. ದಿನವಿಡೀ ಫ್ರೆಂಚರು ಅದರ ಮೇಲೆ ಮುಗಿಬಿದ್ದರು, ಒಳಗಿದ್ದವರು ಬಿಟ್ಟುಕೊಡಲಿಲ್ಲ. 2015ರಲ್ಲಿ ದುರಸ್ತಿಯಾಗಿದೆ. ಗೋಡೆಯಲ್ಲಿ ಬಂದೂಕಿಗೆಂದು ಕೊರೆದ ಕಿಂಡಿಗಳಿಗೆ ಕಣ್ಣಿಟ್ಟು ಆಚೆ ನೋಡಿದರೆ, ದಿಬ್ಬದ ಮೇಲೆ ಅರ್ಥವಾಗದ್ದು ಇಲ್ಲಿ ಅರ್ಥವಾಗುತ್ತದೆ. ಸಮಯವಿದ್ದರೆ ಅಲ್ಲಿಂದ ಫ್ರೆಂಚರ ಸಾಲಿನ ಕಡೆಗೆ, ಲಾ ಬೆಲ್ ಅಲಿಯಾನ್ಸ್ ಎಂಬ ಹಳೆಯ ಹೋಟೆಲಿನವರೆಗೆ ಹೋಗಿ ತಿರುಗಿ ನೋಡಿ.

ಕನ್ನಡಿಗರಿಗೆ ಇಲ್ಲಿ ಒಂದು ಹಳೆಯ ಲೆಕ್ಕವೂ ಇದೆ. 1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ಹಿಂದೆ ಸರಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದವನು. ಹಗಲಿನಲ್ಲಿ ನೆಲವನ್ನು ನೋಡಿಕೊಳ್ಳದೆ ಇನ್ನೆಂದೂ ರಾತ್ರಿ ದಾಳಿಗೆ ಒಪ್ಪುವುದಿಲ್ಲ ಎಂದು ಆಗ ಆತ ಬರೆದುಕೊಂಡ. ಹದಿನಾರು ವರ್ಷಗಳ ಬಳಿಕ ವಾಟರ್ಲೂವಿನ ಏರನ್ನು ಆರಿಸಿದ ಕಣ್ಣಿಗೆ ಸುಲ್ತಾನ್‌ಪೇಟೆಯ ಪಾಠದ ಋಣವೂ ಇದ್ದೀತು ಎಂದು ನಾನು ನಂಬಲು ಇಷ್ಟಪಡುತ್ತೇನೆ.

ಇಲ್ಲಿ ಸಿಗದ ಒಂದು ಸಂಗತಿ ಎಂದರೆ ಹೆಸರುಗಳು. ಸತ್ತ ಸಾಮಾನ್ಯ ಸಿಪಾಯಿಗಳನ್ನು ಗುಂಡಿಗೆ ಹಾಕಿ ಮುಚ್ಚಿದರು. ಸ್ಮಾರಕಗಳೆಲ್ಲ ಅಧಿಕಾರಿಗಳಿಗೆ, ರೆಜಿಮೆಂಟುಗಳಿಗೆ. ನೂರು ವರ್ಷಗಳ ಬಳಿಕ ಅದೇ ಬೆಲ್ಜಿಯಂನ ಇನ್ನೊಂದು ಮೂಲೆಯಲ್ಲಿ ಇದು ಪೂರ್ತಿ ತಿರುಗುಮುರುಗಾಯಿತು.

ಈಪರ್: ಕಾರಿಲ್ಲದವರ ಊರು

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಈಪ್ರ್ ಎಂದಿರುತ್ತದೆ. ಈಗ ರೈಲು ನಿಲ್ದಾಣದ ಫಲಕದಲ್ಲಿ ಇರುವುದು ಡಚ್ ಹೆಸರು, ಈಪರ್. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಒಂದೇ ಒಂದು ರಣಭೂಮಿ ನೋಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಎರಡು ರಾತ್ರಿ ಉಳಿಯಬೇಕು. ಬೆಳಿಗ್ಗೆ ಬಂದು ಸಂಜೆ ಹೊರಟರೆ ಈಪರ್‌ನ ಮುಖ್ಯ ಹೊತ್ತೇ ತಪ್ಪಿಹೋಗುತ್ತದೆ.

ಮೊದಲ ಮಹಾಯುದ್ಧದ ನಾಲ್ಕು ವರ್ಷಗಳಲ್ಲಿ ಈ ಊರು ಪುಡಿಯಾಯಿತು. ಇಂದು ‘ಆಹಾ, ಎಷ್ಟು ಹಳೆಯ ಕಟ್ಟಡ’ ಎಂದು ನಾವು ಫೋಟೊ ತೆಗೆಯುವ ಬಟ್ಟೆ ವ್ಯಾಪಾರಿಗಳ ಭವನ ಹದಿಮೂರನೇ ಶತಮಾನದ್ದು ನಿಜ, ಆದರೆ ನಾವು ಮುಟ್ಟುವ ಕಲ್ಲು ಬಹುಪಾಲು ಯುದ್ಧದ ನಂತರದ್ದು. ಮರುನಿರ್ಮಾಣ ಪೂರ್ತಿಯಾದದ್ದು 1967ರಲ್ಲಿ. ಅದರೊಳಗಿನ ವಸ್ತುಸಂಗ್ರಹಾಲಯಕ್ಕೆ ಮೊದಲ ದಿನದ ಮಧ್ಯಾಹ್ನವನ್ನು ಕೊಡಿ.

ಎರಡನೆಯ ದಿನ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಫ್ಲಾಂಡರ್ಸ್ ಎಂದರೆ ಚಪ್ಪಟೆ ನೆಲ, ಸೈಕಲಿಗೆ ಹೇಳಿ ಮಾಡಿಸಿದ್ದು ಎಂದುಕೊಂಡು ಹೊರಟೆ. ಟೈನ್ ಕಾಟ್ ಸ್ಮಶಾನದವರೆಗೆ ಒಂಬತ್ತು ಹತ್ತು ಕಿಲೋಮೀಟರ್. ಅರ್ಧ ದಾರಿ ಕಳೆದ ಮೇಲೆ ಮೀನಖಂಡ ಹಿಡಿಯತೊಡಗಿತು. ಕಣ್ಣಿಗೆ ಏರು ಕಾಣುವುದಿಲ್ಲ, ರಸ್ತೆ ಸಮತಟ್ಟಾಗಿದೆ ಎಂದೇ ಅನ್ನಿಸುತ್ತದೆ, ಆದರೆ ಪೆಡಲು ಒಪ್ಪುವುದಿಲ್ಲ. ಕೆಲವೇ ಹತ್ತು ಮೀಟರ್ ಎತ್ತರದ ಆ ಏರಿನ ಮೇಲೆ ಜರ್ಮನ್ನರಿದ್ದರು, ಕೆಳಗಿನ ಕೆಸರಿನಲ್ಲಿ ಬ್ರಿಟಿಷ್ ಪಡೆ. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ, ನೂರು ದಿನ ದಾಟಿದ ಯುದ್ಧದಲ್ಲಿ ಅವರು ಮುಂದೆ ಸಾಗಿದ್ದು ಸುಮಾರು ಎಂಟು ಕಿಲೋಮೀಟರ್. ಅದನ್ನು ನಾನು ನೀರು ಕುಡಿಯಲು ಎರಡು ಸಲ ನಿಂತೂ ಒಂದು ಗಂಟೆಯೊಳಗೆ ದಾಟಿದ್ದೆ. ಟೈನ್ ಕಾಟ್‌ನಲ್ಲಿ ಸುಮಾರು 12 ಸಾವಿರ ಸಮಾಧಿಗಳಿವೆ. ನಡುವೆ ನಿಂತ ಶಿಲುಬೆಯ ಕೆಳಗಿರುವುದು ಜರ್ಮನ್ನರ ಕಾಂಕ್ರೀಟ್ ಗೂಡು. ಅದರ ಬುಡದಲ್ಲಿ ನಿಂತು ಹಿಂದೆ ನೋಡಿದರೆ, ಮಂಜಿಲ್ಲದ ದಿನ, ಈಪರ್‌ನ ಗೋಪುರಗಳು ಕಾಣುತ್ತವೆ. ಮೇಲಿನವರಿಗೆ ಕೆಳಗಿನವರು ಎಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರು ಎಂಬುದಕ್ಕೆ ಬೇರೆ ಗೈಡು ಬೇಕಿಲ್ಲ.

ಹಿಂದಿರುಗುವಾಗ ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನಕ್ಕೂ ಹೋಗಿ. ಬಿಳಿ ಕಲ್ಲು, ಗುಲಾಬಿ ಗಿಡಗಳ ಬ್ರಿಟಿಷ್ ಸ್ಮಶಾನದಿಂದ ಓಕ್ ಮರಗಳ ಕೆಳಗಿನ ಆ ಕಪ್ಪು ಕಲ್ಲುಗಳ ನಡುವೆ ಬಂದಾಗ ಮಾತು ತಾನಾಗಿಯೇ ತಗ್ಗುತ್ತದೆ. 44 ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದಾರೆ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಒಂದೇ ಸಾಮೂಹಿಕ ಸಮಾಧಿಯಲ್ಲಿ.

ಇನ್ನು ಸಂಜೆ. ಮೆನಿನ್ ದ್ವಾರ ಎಂಬ ದೊಡ್ಡ ಕಮಾನಿನ ಒಳಗೋಡೆಗಳ ತುಂಬ, ದೇಹವೇ ಸಿಗದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಭಾರತೀಯರು. ಪ್ರತಿದಿನ ರಾತ್ರಿ ಎಂಟಕ್ಕೆ ಅದರ ಕೆಳಗಿನ ರಸ್ತೆಯಲ್ಲಿ ವಾಹನ ನಿಲ್ಲಿಸಿ ಬ್ಯೂಗಲ್ ಊದುತ್ತಾರೆ. 1928ರ ಜುಲೈ 2ರಿಂದ ನಡೆದುಬಂದ ಪದ್ಧತಿ. ಎರಡನೆಯ ಯುದ್ಧದಲ್ಲಿ ಊರು ಜರ್ಮನ್ನರ ಕೈಯಲ್ಲಿದ್ದಾಗ ಅದನ್ನು ಇಂಗ್ಲೆಂಡಿನಲ್ಲಿ ಮುಂದುವರಿಸಿದರು, 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಇಲ್ಲಿ ಊದಿದರು. ಟಿಕೆಟ್ ಇಲ್ಲ, ಕುರ್ಚಿ ಇಲ್ಲ. ಕೊನೆಯಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೂ ಇಲ್ಲ. ದಯವಿಟ್ಟು ನೆನಪಿಡಿ, ನಮ್ಮವರೇ ಇಬ್ಬರು ತಟ್ಟಿಬಿಟ್ಟದ್ದನ್ನು ನೋಡಿ ನಾನು ಕಂಬದ ಹಿಂದೆ ಸರಿದಿದ್ದೇನೆ.

ಕಾರು ಸಿಕ್ಕಿದರೆ, ಅಥವಾ ಫ್ರಾನ್ಸಿನ ಲಿಲ್ ನಗರದಲ್ಲಿ ಉಳಿದುಕೊಂಡರೆ, ನೂವ್ ಶಾಪೆಲ್‌ಗೆ ಹೋಗಿಬರುವುದು ನಮ್ಮ ಪಾಲಿಗೆ ಋಣ ತೀರಿಸಿದಂತೆ. ಲಿಲ್‌ನಿಂದ ಸುಮಾರು 25 ಕಿಲೋಮೀಟರ್. 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ದಾಳಿಗೆ ಇಳಿದ ಪಡೆಯಲ್ಲಿ ಅರ್ಧದಷ್ಟು ಭಾರತೀಯರು. ವೃತ್ತಾಕಾರದ ಸ್ಮಾರಕ, ಕಲ್ಲಿನ ಜಾಲಂದ್ರ, ಕಮಲದ ತಲೆಯ ಕಂಬ, ಅದರ ಇಬ್ಬದಿಗೆ ಹುಲಿಗಳು, ಗೋಡೆಯಲ್ಲಿ 4,700ಕ್ಕೂ ಹೆಚ್ಚು ಹೆಸರುಗಳು. ಸುತ್ತ ಬರೀ ಹೊಲ, ಎದುರಿಗೆ ಹೆದ್ದಾರಿಯ ವೃತ್ತ. ನಾನು ಹೋದ ದಿನ ಅರ್ಧ ಗಂಟೆ ಒಬ್ಬನೇ ಇದ್ದೆ. ದೇವನಾಗರಿಯಲ್ಲೂ ಗುರುಮುಖಿಯಲ್ಲೂ ಕೆತ್ತಿದ ಅಕ್ಷರಗಳ ಎದುರು, ಲಾರಿಗಳ ಸದ್ದಿನ ನಡುವೆ, ಒಬ್ಬನೇ.

ಸೋಮ್, ವರ್ಡನ್: ಸ್ಟೀರಿಂಗ್ ಹಿಡಿಯುವವರಿಗೆ ಮಾತ್ರ

ಸೋಮ್ ಒಂದು ಊರಲ್ಲ, ನದಿ. ಅದರ ಉತ್ತರಕ್ಕೆ ಹತ್ತಾರು ಹಳ್ಳಿಗಳಲ್ಲಿ ಹರಡಿಕೊಂಡ ರಣಭೂಮಿ ಇದು. ಪ್ಯಾರಿಸಿನಿಂದ ಆಮಿಯೆನ್‌ಗೆ ರೈಲಿದೆ, ಮುಂದೆ ಆಲ್ಬರ್‌ಗೂ ರೈಲಿದೆ. ಅಲ್ಲಿಂದಾಚೆ ಹಳ್ಳಿ ಬಸ್ಸು ನಂಬಿ ಕೂತರೆ ದಿನ ಹೋಗುತ್ತದೆ. ಕಾರು ಬೇಕು, ಅಥವಾ ಒಂದು ದಿನದ ಗೈಡು. ಎರಡೂ ಇಲ್ಲದವರು ಸೋಮ್ ಬಿಡಿ, ಕೊರಗಬೇಡಿ.

ಕಾರಿದ್ದವರು ಮೊದಲು ಬೊಮಾಂಟ್ ಹಮೆಲ್‌ಗೆ ಹೋಗಿ. ಸೋಮ್ ಯುದ್ಧದ ಮೊದಲ ದಿನ, 1916ರ ಜುಲೈ 1ರ ಬೆಳಿಗ್ಗೆ, ನ್ಯೂಫೌಂಡ್‌ಲೆಂಡ್ ರೆಜಿಮೆಂಟಿನ ಸುಮಾರು 800 ಜನ ಇಲ್ಲಿನ ಇಳಿಜಾರಿನಲ್ಲಿ ಕೆಳಗಿಳಿದರು. ಮರುದಿನದ ಹಾಜರಿಗೆ ಓಗೊಟ್ಟವರು 68. ಕಂದಕಗಳು ಇದ್ದ ಹಾಗೆಯೇ ಇವೆ, ಹುಲ್ಲು ಬೆಳೆದು ಅಂಚು ಮೆತ್ತಗಾಗಿದೆ ಅಷ್ಟೆ. ಇಡೀ ದೂರ ಐದಾರು ನಿಮಿಷದ ನಡಿಗೆ. ಆ ಒಂದೇ ದಿನ ಬ್ರಿಟಿಷ್ ಪಡೆಯಲ್ಲಿ ಸತ್ತವರು 19,240. ಈ ಅಂಕಿ ಪುಸ್ತಕದಲ್ಲಿ ಓದಿದಾಗ ಒಂದು ಬಗೆ, ಇಳಿಜಾರಿನ ನೆತ್ತಿಯಲ್ಲಿ ನಿಂತು ಕೆಳಗಿನ ಜರ್ಮನ್ ಸಾಲು ನೋಡಿದಾಗ ಇನ್ನೊಂದು ಬಗೆ. ಬೇಲಿ ದಾಟಬೇಡಿ. ಸಿಡಿಯದ ಗುಂಡುಗಳು ಇಂದಿಗೂ ನೆಲದಲ್ಲಿವೆ, ರೈತರು ಉಳುವಾಗ ಸಿಕ್ಕ ಶೆಲ್ಲುಗಳನ್ನು ಹೊಲದ ಬದಿಗೆ ಇಟ್ಟಿರುವುದನ್ನೂ ಕಾಣಬಹುದು. ಮುಟ್ಟಬೇಡಿ, ನೆನಪಿಗೆಂದು ಚೂರೊಂದನ್ನು ಚೀಲಕ್ಕೆ ಹಾಕಿಕೊಳ್ಳಲಂತೂ ಬೇಡಿ.

ತಿಯೆಪ್‌ವಾಲ್‌ನಲ್ಲಿ 72 ಸಾವಿರಕ್ಕೂ ಹೆಚ್ಚು ಹೆಸರುಗಳ ಕಮಾನಿದೆ. ಅದರ ವಾಸ್ತುಶಿಲ್ಪಿ ಎಡ್ವಿನ್ ಲುಟಿಯೆನ್ಸ್, ದೆಹಲಿಯ ಇಂಡಿಯಾ ಗೇಟ್ ಕಟ್ಟಿದವರೇ. ಇಂಡಿಯಾ ಗೇಟ್ ಎದುರು ಐಸ್‌ಕ್ರೀಂ ತಿಂದು ಬಂದವರು ಇಲ್ಲಿ ನಿಂತರೆ ಅದು ಯಾತಕ್ಕೆ ಕಟ್ಟಿದ ಕಮಾನು ಎಂಬುದು ನೆನಪಾಗುತ್ತದೆ.

1916ರಲ್ಲಿ ಫ್ರೆಂಚರೂ ಜರ್ಮನ್ನರೂ ತಿಂಗಳುಗಟ್ಟಲೆ ಹೊಡೆದಾಡಿದ ವರ್ಡನ್ ಇರುವುದು ಫ್ರಾನ್ಸಿನ ಪೂರ್ವ ಭಾಗದಲ್ಲಿ, ಇವೆಲ್ಲಕ್ಕೂ ದೂರ. ದೂಮಾಂಟ್‌ನ ಅಸ್ಥಿಭವನದಲ್ಲಿ 1 ಲಕ್ಷ 30 ಸಾವಿರ ಗುರುತು ಸಿಗದ ಸೈನಿಕರ ಮೂಳೆಗಳಿವೆ, ಹೊರಗೋಡೆಯ ಸಣ್ಣ ಕಿಟಕಿಗಳಿಂದ ಕಾಣುತ್ತವೆ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ದೊಡ್ಡವರೂ ಮಧ್ಯಾಹ್ನದ ಊಟ ಮುಗಿಸಿ ಹೋಗುವುದು ಲೇಸು.

ನಾರ್ಮಂಡಿ: ಮನೆಮಂದಿಯೆಲ್ಲ ಹೋಗುವುದಾದರೆ

ಒಬ್ಬರಿಗೆ ಯುದ್ಧದ ಹುಚ್ಚು, ಉಳಿದ ಮೂವರಿಗೆ ಅದು ಬೇಡ ಎಂಬ ಕುಟುಂಬಗಳೇ ಹೆಚ್ಚು. ಅಂಥವರಿಗೆ ನಾರ್ಮಂಡಿ. ಕಡಲತೀರವಿದೆ, ಸೇಬಿನ ತೋಟಗಳಿವೆ, ಕಡಲ ನಡುವಿನ ಗುಡ್ಡದ ಮೇಲಿನ ಮಠ ಮಾಂ ಸಾಂ ಮಿಶೆಲ್ ಕೂಡ ಅದೇ ಪ್ರಾಂತದಲ್ಲಿದೆ. ಬಾಯೂ ಎಂಬ ಊರನ್ನು ನೆಲೆ ಮಾಡಿಕೊಳ್ಳಿ. ಪ್ಯಾರಿಸಿನ ಸಾಂ ಲಜಾರ್ ನಿಲ್ದಾಣದಿಂದ ರೈಲಿನಲ್ಲಿ ಎರಡು, ಎರಡೂವರೆ ಗಂಟೆ. 1944ರಲ್ಲಿ ಬಾಂಬಿನಿಂದ ಬಚಾವಾದ ಊರು ಅದು, ಆದ್ದರಿಂದ ಈಪರ್‌ನಂತೆ ಅಲ್ಲದೆ ಇಲ್ಲಿನ ಹಳೆಯದು ನಿಜವಾಗಿ ಹಳೆಯದು. ಅಲ್ಲಿನ ಹೆಸರಾಂತ ಕಸೂತಿ ಪಟ್ಟಿಗೆಂದೇ ಹೋಗುವವರು ಗಮನಿಸಿ: ಅದನ್ನು ಇಟ್ಟಿದ್ದ ವಸ್ತುಸಂಗ್ರಹಾಲಯ ನವೀಕರಣಕ್ಕಾಗಿ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿದೆ, ತೆರೆಯುವುದು 2027ರಲ್ಲಿ ಎಂದಿದ್ದಾರೆ.

1944ರ ಜೂನ್ 6ರಂದು ಮಿತ್ರಪಡೆಗಳು ಇಳಿದ ಐದು ತೀರಗಳು ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿವೆ. ಐದನ್ನೂ ಒಂದೇ ದಿನ ‘ಮುಗಿಸುತ್ತೇವೆ’ ಎನ್ನುವ ಬಸ್ಸು ಹತ್ತಬೇಡಿ. ಒಮಾಹಾ ತೀರ, ಪಾಯಿಂಟ್ ದು ಹಾಕ್ ಎಂಬ ಕಡಲಂಚಿನ ಕಡಿದಾದ ಬಂಡೆ, ಅಮೆರಿಕನ್ ಸ್ಮಶಾನ, ಇಷ್ಟು ಒಂದು ದಿನಕ್ಕೆ ಸಾಕು. ಬಾಯೂವಿನಿಂದ ಸಣ್ಣ ವ್ಯಾನುಗಳಲ್ಲಿ ಗೈಡುಗಳು ಕರೆದೊಯ್ಯುತ್ತಾರೆ.

ಒಂದು ಕಿವಿಮಾತು ಮಾತ್ರ ಯಾರೂ ಹೇಳುವುದಿಲ್ಲ. ಹೊರಡುವ ಮುನ್ನ ಉಬ್ಬರವಿಳಿತದ ವೇಳಾಪಟ್ಟಿ ನೋಡಿಕೊಳ್ಳಿ. ಉಬ್ಬರದಲ್ಲಿ ಹೋದರೆ ಒಮಾಹಾ ಒಂದು ಮಾಮೂಲಿ ಬೀಚು. ಇಳಿತದಲ್ಲಿ ಹೋಗಿ, ಒದ್ದೆ ಮರಳಿನ ಮೇಲೆ ನೀರಿನ ಅಂಚಿನವರೆಗೂ ನಡೆದು, ಅಲ್ಲಿಂದ ತಿರುಗಿ ದಡದ ಗುಡ್ಡಗಳನ್ನು ನೋಡಿ. ಸೈನಿಕರನ್ನು ಇಳಿಸಿದ್ದೂ ಇಳಿತದಲ್ಲೇ, ನೀರಿನಲ್ಲಿ ನೆಟ್ಟಿದ್ದ ಅಡೆತಡೆಗಳು ಕಾಣಲೆಂದು. ಮುನ್ನೂರು ಮೀಟರಿನಷ್ಟು ಬಯಲು, ಮರೆಗೆ ಒಂದು ಕಲ್ಲೂ ಇಲ್ಲ, ಎದುರಿನ ಗುಡ್ಡದ ಮೇಲೆ ಮಷಿನ್‌ಗನ್. ನನ್ನ ಜೊತೆಯಲ್ಲಿದ್ದ ಹದಿಮೂರು ವರ್ಷದ ಹುಡುಗ ಅಲ್ಲಿಯವರೆಗೆ ಮೊಬೈಲ್ ಬಿಟ್ಟಿರಲಿಲ್ಲ. ನೀರಿನ ಅಂಚಿನಿಂದ ದಡದವರೆಗೆ ಓಡಿ ನೋಡುತ್ತೇನೆ ಎಂದು ಓಡಿದ. ಅರ್ಧಕ್ಕೇ ನಿಂತು, ಮೊಣಕಾಲಿಗೆ ಕೈಯೂರಿ, ‘ಬ್ಯಾಗು, ಬಂದೂಕು ಹೊತ್ತುಕೊಂಡು?’ ಎಂದ.

ಅರೊಮಾಂಶ್‌ನಲ್ಲೂ ಇಳಿತವೇ ಬೇಕು, ತೇಲಿಸಿ ತಂದು ಕಟ್ಟಿದ ಬಂದರಿನ ಕಾಂಕ್ರೀಟ್ ಪೆಟ್ಟಿಗೆಗಳ ಹತ್ತಿರ ಆಗ ನಡೆದುಹೋಗಬಹುದು.

ಗಲಿಪೊಲಿಯನ್ನು ಮರೆಯುವುದು ಬೇಡ

ನೆಲ ಓದುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ಕೇಳಿದರೆ ನನ್ನ ಉತ್ತರ ತುರ್ಕಿಯ ಗಲಿಪೊಲಿ. ನಾನಿನ್ನೂ ಅಲ್ಲಿಗೆ ಹೋಗಿಲ್ಲ, ನಕ್ಷೆಗಳನ್ನು ನೋಡಿ, ಹೋಗಿ ಬಂದವರ ಮಾತು ಕೇಳಿ ಹೇಳುತ್ತಿದ್ದೇನೆ. ಚುನುಕ್ ಬಾಯಿರ್ ಎತ್ತರದಿಂದ ಒಂದು ಕಡೆ ಏಜಿಯನ್ ಕಡಲು, ಇನ್ನೊಂದು ಕಡೆ ಡಾರ್ಡನೆಲ್ಸ್ ಜಲಸಂಧಿ. 1915ರಲ್ಲಿ ಬ್ರಿಟಿಷ್ ಕಡೆಯವರೂ ತುರ್ಕರೂ ಆ ಎತ್ತರಕ್ಕಾಗಿ ಯಾಕೆ ಹೊಡೆದಾಡಿದರು ಎಂಬುದಕ್ಕೆ ಅಲ್ಲಿ ವಿವರಣೆ ಬೇಕಾಗದು. ಭಾರತೀಯ ಪಡೆಗಳೂ ಅಲ್ಲಿದ್ದವು, ಹೆಲ್ಲೆಸ್ ಸ್ಮಾರಕದಲ್ಲಿ ಅವರ ಹೆಸರುಗಳಿವೆ. ಚನಾಕ್ಕಲೆಯಲ್ಲಿ ಉಳಿದುಕೊಂಡರೆ ಟ್ರಾಯ್ 30 ಕಿಲೋಮೀಟರ್; ಒಂದೇ ಕೋಣೆಯ ಬಾಡಿಗೆಗೆ ಎರಡು ಯುದ್ಧ. ತಮ್ಮ ಪಡೆಗಳು ಅಲ್ಲಿ ಇಳಿದ ದಿನವಾದ ಏಪ್ರಿಲ್ 25ರ ಆಸುಪಾಸು ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಜನ ತುಂಬಿರುತ್ತಾರೆ, ಆ ವಾರ ಬಿಡಿ.

ಕಾಗದಪತ್ರ, ಕಾಲ, ಊಟ

ಬೆಲ್ಜಿಯಂ, ಫ್ರಾನ್ಸ್ ಎರಡಕ್ಕೂ ಒಂದೇ ಶೆಂಗೆನ್ ವೀಸಾ. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಲಂಡನ್ನಿನಲ್ಲಿ ಮಗಳ ಮನೆಗೆ ಹೋದ ಅಪ್ಪ ಅಮ್ಮ, ‘ಹೇಗೂ ಬಂದಿದ್ದೇವೆ, ರೈಲಿನಲ್ಲಿ ಬೆಲ್ಜಿಯಂಗೆ ಹೋಗಿಬರೋಣ’ ಎಂದುಕೊಳ್ಳುವುದನ್ನು ಕೇಳಿದ್ದೇನೆ. ಬ್ರಿಟನ್ನಿನ ವೀಸಾ ಅಲ್ಲಿ ನಡೆಯುವುದಿಲ್ಲ, ಶೆಂಗೆನ್ ಬೇರೆಯೇ ಬೇಕು. ಬೆಂಗಳೂರಿನಿಂದ ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ತುರ್ಕಿಗೆ ಮತ್ತೆ ಪ್ರತ್ಯೇಕ ವೀಸಾ. ಕಾರು ಓಡಿಸುವವರು ಆರ್‌ಟಿಓ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಹಿಡಿದುಕೊಳ್ಳಿ. ಅಲ್ಲಿ ರಸ್ತೆಯ ಬಲಬದಿ, ಮೊದಲ ವೃತ್ತದಲ್ಲಿ ಎಲ್ಲರಿಗೂ ಎದೆ ಢವಗುಟ್ಟುತ್ತದೆ.

ಮೇ ಮತ್ತು ಸೆಪ್ಟೆಂಬರ್ ಒಳ್ಳೆಯ ತಿಂಗಳು. ವಾಟರ್ಲೂಗೆ ಜೂನ್ 18, ನಾರ್ಮಂಡಿಗೆ ಜೂನ್ 6, ಈಪರ್‌ಗೆ ನವೆಂಬರ್ 11, ಈ ದಿನಗಳ ಸುತ್ತ ಕೋಣೆ ಸಿಗುವುದು ಕಷ್ಟ. ಹೆಸರು ಹುಡುಕಿಕೊಂಡು ಹೋಗುವವರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಮೊದಲೇ ಹುಡುಕಿ, ಫಲಕದ ಸಂಖ್ಯೆ ಬರೆದುಕೊಂಡು ಹೋಗಿ. ಇಲ್ಲದಿದ್ದರೆ 54 ಸಾವಿರ ಹೆಸರುಗಳ ಕೆಳಗೆ ಕತ್ತು ನೋವು ಬರುವುದೇ ಲಾಭ.

ಸಸ್ಯಾಹಾರಿಗಳಿಗೆ ನಾರ್ಮಂಡಿಯೇ ವಾಸಿ: ಬಕ್‌ವೀಟ್ ಹಿಟ್ಟಿನ ತೆಳ್ಳನೆಯ ಗಲೆಟ್ ನಮ್ಮ ದೋಸೆಯ ದೂರದ ನೆಂಟನಂತಿರುತ್ತದೆ, ಚೀಸ್ ಮಾತ್ರ ಹಾಕಿ ಎಂದರೆ ಹಾಕಿಕೊಡುತ್ತಾರೆ. ಬೆಲ್ಜಿಯಂನಲ್ಲಿ ‘ಆಲೂಗಡ್ಡೆ ತಾನೇ’ ಎಂದು ಫ್ರೈಸ್ ಪೊಟ್ಟಣ ಕೈಗೆತ್ತಿಕೊಳ್ಳುವ ಮುಂಚೆ ಕೇಳಿ. ಅಲ್ಲಿನ ಸಾಂಪ್ರದಾಯಿಕ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಈಪರ್‌ನಲ್ಲಿ ಊಟವನ್ನು ಏಳು ಗಂಟೆಯೊಳಗೆ ಮುಗಿಸಿ. ಕಮಾನಿನ ಕೆಳಗೆ ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂದರೆ ಏಳೂಕಾಲಿಗೆ ಅಲ್ಲಿರಬೇಕು, ಬ್ಯೂಗಲ್ ಮುಗಿದು ಜನ ಚದುರಿ ಚೌಕಕ್ಕೆ ಮರಳುವ ಹೊತ್ತಿಗೆ ಎಷ್ಟೋ ಹೋಟೆಲುಗಳ ಅಡುಗೆಮನೆ ಮುಚ್ಚುವ ಹವಣಿಕೆಯಲ್ಲಿರುತ್ತದೆ. ಮೊದಲ ರಾತ್ರಿ ನಾನು ಬಿಸ್ಕತ್ತು ತಿಂದು ಮಲಗಿದೆ.